ಕಂಪ್ಯೂಟರ್ ಕೆಡಿಸಿದವರು ಯಾರು?

ಹೋದ ವಾರ ನಮ್ಮ ಓಣಿ ತಂಗಿಯೊಬ್ಬಾಕಿ ಬಂದು ಕುಂತಳು. ಚಾ ಕುಡಿಯೋ ಮನಸೂ ಇದ್ದಿಲ್ಲ ಆಕಿಗೆ. "ಅಕ್ಕಾ, ನಮ್ಮನಿ ಕಂಪ್ಯೂಟರ್ ನಡೀತಾ ನಡೀತಾ ಫಟ್ ಅಂತ ಬಂದ್ ಆಗ್ತದ. ನಾ ಮುಟ್ಟಿದ್ದಕ್ಕೇ ಕೆಟ್ಟದ ಅಂತಾರ ನಮ್ಮ ಮಾವ. ನಾ ಏನ್ ಮಾಡೀನಿ ಹೇಳು?" ಅಂದಳು. ನನಗ ನಮ್ಮನಿ ಕಥಿ ನೆನಪಾತು. ಆಕಿಗೆ ಬಾಯಿಲೆ ಹೇಳಿದ್ದನ್ನ ಇಲ್ಲಿ ಬರದಿಡ್ತೀನಿ, ನಿಮಗೂ ಎಂದಾದರೂ ಬೇಕಾದೀತು.

2023 ರ ಮಾರ್ಚ್ ತಿಂಗಳು. ಹೋಳಿ ಮುಗದು ಯುಗಾದಿ ಎದುರಿಗಿತ್ತು. ಆ ವರ್ಷ ಹತ್ತಿ ಕಥಿ ನಿಮಗೆಲ್ಲ ಗೊತ್ತಿದ್ದದ್ದೇ. ಅದರ ಹಿಂದಿನ ವರ್ಷ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿದ್ದನ್ನ ನೋಡಿದ ರೈತರು, ಈ ಸಲ ರೇಟ್ ಇಳದಾಗ ಮಾರಕ್ಕ ಮನಸು ಮಾಡ್ಲಿಲ್ಲ. "ಇವತ್ತಲ್ಲ ನಾಳಿ ಏರ್ತದ" ಅಂತ ಬಿಡಿಸಿದ ಹತ್ತಿ ಮನ್ಯಾಗೇ ಇಟ್ಕೊಂಡ್ರು. ನಮ್ಮನ್ಯಾಗೂ ಪಡಸಾಲಿಗೆ ಹತ್ತಿದ ತಗಡಿನ ಕೋಲಿ ತುಂಬ ಹತ್ತಿ ಸುರುವಿದ್ವಿ. ಮಕ್ಕಳಿಗೆ ಅದು ಮೆತ್ತನ ಗುಡ್ಡ, ಹತ್ತಿ ಜಿಗಿಯೋದೇ ಆಟ. ಆ ಕೋಲಿ ಬಾಗಲಿಗೆ ಎದುರಾಗಿ, ಪಡಸಾಲಿ ಮೂಲ್ಯಾಗ, ನೆಲದ ಮ್ಯಾಲ ನಮ್ಮ ಕಂಪ್ಯೂಟರಿನ ಡಬ್ಬಿ ಇತ್ತು.

ಒಂದಿನ ಮಧ್ಯಾಹ್ನ ಮಗಳು ಕುಂತಾಗ ಅದು ಪಟ್ಟನೆ ಆರಿತು. ಮತ್ತ ಚಾಲೂ ಮಾಡಿದ್ರ ಐದು ನಿಮಿಷಕ್ಕ ಮತ್ತ ಆರಿತು. ಮರುದಿನಾನೂ ಹಂಗೇ. ಮನ್ಯಾಗ ಪಂಚಾಯ್ತಿ ಸುರು ಆತು. "ಅಕಿ ಆಟ ಹಾಕಿದ್ದಕ್ಕ ಹಿಂಗಾಗ್ಯಾದ" ಅಂದ್ರು ನಮ್ಮನಿಯವ್ರು. "ಹೆಣ್ಮಕ್ಕಳ ಕೈಗೆ ಮಶೀನ್ ಕೊಟ್ರ ಇನ್ನೇನಾಗ್ತದ" ಅಂದ ಮೈದುನ. ರಾಯಚೂರಿನ ಒಂದು ಅಂಗಡಿಗೆ ಫೋನ್ ಹಚ್ಚಿದ್ರ, ನೋಡದೇನೇ "ಬೋರ್ಡ್ ಹೋಗಿರ್ಬೇಕು, ಹಳೀದು, ಹೊಸಾದು ತಗೋರಿ" ಅಂದ್ರು. ಮಗಳು ಒಂಬತ್ತನೇ ಇಯತ್ತೆ ಹುಡುಗಿ. ಏನೂ ಮಾತಾಡ್ಲಿಲ್ಲ, ಎದ್ದು ಹಿತ್ತಲಿಗೆ ಹೋಗಿ ಕುಂತಳು.

ನನಗ ಮಗಳ ಚಿಂತಿ ಒಂದು ಕಡಿ, ಇನ್ನೊಂದು ಚಿಂತಿ ಒಳಗೊಳಗೇ ಇತ್ತು. ನಮ್ಮ ಅತ್ತಿಯವ್ರ ಪದಗಳೆಲ್ಲ ಆ ಡಬ್ಬ್ಯಾಗಿದ್ದವು. ಬೀಸೋ ಪದ, ಕುಟ್ಟೋ ಪದ, ಸೋಬಾನದ ಪದ, ಎಲ್ಲಾ ಸೇರಿ 186. ಅವರು ಹಾಡ್ತಾ ಇದ್ರು, ನಾ ನುಡಿ ತಂತ್ರಾಂಶದಾಗ ಕುಟ್ಟತಾ ಇದ್ದೆ. ಅತ್ತಿಯವ್ರು ತೀರ್ಕೊಂಡು ಎರಡು ವರ್ಷ ಆಗಿತ್ತು. ಪೇಪರ್ ಮ್ಯಾಲ ಬರದಿದ್ದಿಲ್ಲ. "ಕಂಪ್ಯೂಟರ್‌ನ್ಯಾಗ ಅದಲ್ಲ" ಅಂತ ಧೈರ್ಯ ನನಗ. ಮಶೀನ್ ಮಾರಿ ಹೊಸಾದು ತರೋದಂದ್ರ ನನಗ ಅತ್ತಿಯವ್ರನ್ನ ಎರಡನೇ ಸಲ ಕಳಿಸಿಕೊಟ್ಟಂಗ.

ಅವತ್ತು ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಮೊಬೈಲ್‌ನ್ಯಾಗ ಹುಡುಕ್ತಾ ಕುಂತೆ. ಹುಡುಕಿದ್ದು ರಿಪೇರಿ ದಾರಿ, ಸಿಕ್ಕಿದ್ದು ಇತಿಹಾಸ. ಆದ್ರ ಆ ಇತಿಹಾಸಾನೇ ರಿಪೇರಿ ದಾರಿನೂ ತೋರಿಸ್ತು.

ಮೊದಲು ಒಂದು ಮಾತು. ನಮ್ಮ ಕಡಿ ಮಂದಿ ಕಂಪ್ಯೂಟರ್ ಮುಖ ನೋಡಿದ್ದು ಬಹುಪಾಲು ಪಹಣಿ ಸಲುವಾಗಿ. 2000 ದಿಂದ 2002 ರ ಹೊತ್ತಿಗೆ ಸರ್ಕಾರದ ಭೂಮಿ ಯೋಜನ್ಯಾಗ ರಾಜ್ಯದ ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿದ್ರು. ಸಿರವಾರ ಅವಾಗ ಮಾನ್ವಿ ತಾಲ್ಲೂಕಿನಾಗಿತ್ತು. ಮಾನ್ವಿ ತಾಲ್ಲೂಕು ಕಚೇರಿಗೆ ಹೋಗಿ, 15 ರೂಪಾಯಿ ಕೊಟ್ಟು, ಕಿಟಕ್ಯಾಗ ಹೆಸರು ಸರ್ವೆ ನಂಬರ್ ಹೇಳಿದ್ರ ಪಹಣಿ ಛಾಪಾ ಆಗಿ ಬರ್ತಿತ್ತು. ಕಿಟಕಿ ಆಚಿ ಇದ್ದದ್ದು ಕಂಪ್ಯೂಟರು, ಈಚಿ ಇದ್ದವರು ನಾವು. ಮುಟ್ಟೋ ಮಾತೇ ಇದ್ದಿಲ್ಲ. ಅದಕ್ಕೇ ಏನೋ, ಮನಿಗೆ ಬಂದ ಮ್ಯಾಲೂ ಅದು ಗಂಡಸರ ಸಾಮಾನು ಅನ್ನೋ ಭಾವನಿ ಉಳದಂಗದ.

ಕನ್ನಡ ಅದರೊಳಗ ಬಂದ ಕಥಿನೂ ಹೇಳ್ತೀನಿ. ಮಂಗಳೂರು ಸೀಮಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡ ಅಕ್ಷರಗಳನ್ನ ಇಂಗ್ಲಿಷ್ ಕೀಲಿಮಣಿ ಮ್ಯಾಲ ಹೆಂಗ ಕೂಡಿಸ್ಬೇಕು ಅಂತ ದಾರಿ ಮಾಡಿಕೊಟ್ಟವರು. 1998 ರಾಗ ಶೇಷಾದ್ರಿವಾಸು ಅವರ ಬರಹ ಬಂತು. ಅದಾದ ಮ್ಯಾಲ ಕನ್ನಡ ಗಣಕ ಪರಿಷತ್ತು ತಯಾರಿಸಿದ ನುಡಿ ಬಂತು, ಸರ್ಕಾರಿ ಕಚೇರಿಗಳಾಗೆಲ್ಲ ಅದೇ ನಡೀತು. ನಾ ಕಲ್ತದ್ದೂ ನುಡಿನೇ. ಕೆ ಒತ್ತಿದ್ರ ಕ, ದೊಡ್ಡ ಕೆ ಒತ್ತಿದ್ರ ಖ. ಅತ್ತಿಯವ್ರು ಪರದಿ ಮ್ಯಾಲ ತಮ್ಮ ಹಾಡು ಮೂಡೋದು ನೋಡಿ, "ನನ್ನ ದನಿಗೆ ಬಣ್ಣ ಹಚ್ಚಿದ್ಯಲ್ಲವ್ವಾ" ಅಂದಿದ್ರು.

ಈಗ ಹಳೀ ಕಾಲಕ್ಕ ಹೋಗೂಣು. ಕಂಪ್ಯೂಟರ್ ಅನ್ನೋ ಹೆಸರು ಮೊದಲು ಮಶೀನಿಂದಲ್ಲ, ಮನುಷ್ಯರದು. ಕುಂತು ಲೆಕ್ಕ ಮಾಡೋರಿಗೆ ಹಂಗ ಕರೀತಿದ್ರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕಾದಾಗ ಈ ಕೆಲಸಕ್ಕ ಇದ್ದವರು ಹೆಚ್ಚಾಗಿ ಹೆಣ್ಮಕ್ಕಳು, ತೋಪಿನ ಗುಂಡು ಎಲ್ಲಿ ಬೀಳ್ತದ ಅಂತ ಲೆಕ್ಕ ಹಾಕ್ತಿದ್ರು. ಆ ಲೆಕ್ಕ ಮಶೀನ್ ಮಾಡ್ಲಿ ಅಂತ ಫಿಲಡೆಲ್ಫಿಯಾದಾಗ ಎನಿಯಾಕ್ ಅನ್ನೋ ದೊಡ್ಡ ಯಂತ್ರ ಕಟ್ಟಿದ್ರು. 1946 ರ ಫೆಬ್ರವರಿಯೊಳಗ ಲೋಕಕ್ಕ ತೋರಿಸಿದ್ರು. ಒಂದು ದೊಡ್ಡ ಕೋಲಿ ತುಂಬೋವಷ್ಟು ಯಂತ್ರ, ತೂಕ ಸುಮಾರು 30 ಟನ್, ಅದರೊಳಗ ಹತ್ತತ್ರ 18,000 ಗಾಜಿನ ವಾಲ್ವುಗಳು. ಹಳೀ ರೇಡಿಯೋ ಹಿಂದ ಕೆಂಪಗ ಕಾಣ್ತಿದ್ವಲ್ಲ, ಅಂಥವು.

ಆ ಯಂತ್ರಕ್ಕ ಲೆಕ್ಕದ ದಾರಿ ಹಾಕಿಕೊಟ್ಟವರು ಆರು ಮಂದಿ ಹೆಣ್ಮಕ್ಕಳು. ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಾಸ್, ರೂತ್ ಲಿಕ್ಟರ್‌ಮನ್. ಮೊದಮೊದಲು ಅವರಿಗೆ ಯಂತ್ರದ ಕೋಲಿಗೇ ಬಿಡ್ಲಿಲ್ಲ, ನಕ್ಷಿ ಹಾಳಿ ಕೈಗೆ ಕೊಟ್ಟು ಕಲೀರಿ ಅಂದ್ರು. ನಕ್ಷಿ ನೋಡೇ ಕಲ್ತ್ರು. ಆಮ್ಯಾಲ ಯಂತ್ರ ನಡುವ ತಪ್ಪಿದ್ರ, ಇಷ್ಟು ಸಾವಿರ ವಾಲ್ವಿನೊಳಗ ಕೆಟ್ಟದ್ದು ಇದೇ ಅಂತ ತೋರಿಸೋವಷ್ಟು ಪಳಗಿದ್ರು. ಆದ್ರ ಯಂತ್ರ ಲೋಕಕ್ಕ ತೋರಿಸಿದ ದಿನ ರಾತ್ರಿ ನಡೆದ ಊಟಕ್ಕ ಅವರನ್ನ ಕರೀಲಿಲ್ಲ. ಅವರ ಹೆಸರು ಮಂದಿಗೆ ಗೊತ್ತಾಗಕ್ಕ ಎಷ್ಟೋ ವರ್ಷ ಹಿಡೀತು. ನಾವು ಜೋಳ ಹಸನ ಮಾಡಿ, ಬೀಸಿ, ರೊಟ್ಟಿ ಬಡದು ಕೊಟ್ಟ ಮ್ಯಾಲ, ಪಂಕ್ತ್ಯಾಗ ನಮ್ಮ ಹೆಸರು ಯಾರು ಹೇಳ್ತಾರ ಹೇಳ್ರಿ!

ಎನಿಯಾಕ್‌ನಿಂದ ಒಂದು ಪಾಠ ಬಂತು. ವಾಲ್ವುಗಳು ಹೆಚ್ಚಾಗಿ ಸುಡ್ತಿದ್ದದ್ದು ಯಂತ್ರ ಚಾಲೂ ಮಾಡುವಾಗ, ಬಂದ್ ಮಾಡುವಾಗ. ತಣ್ಣಗಿದ್ದದ್ದು ಒಮ್ಮೆಲೆ ಬಿಸಿ, ಬಿಸಿ ಇದ್ದದ್ದು ಒಮ್ಮೆಲೆ ತಣ್ಣಗ. ಅದಕ್ಕ ಅವರು ಅದನ್ನ ಆರಿಸದೇ ಇಡಕ್ಕ ಸುರು ಮಾಡಿದ್ರು, ಕೆಡೋದು ಎಷ್ಟೋ ಕಡಿಮಿ ಆತು. ಅಂದ್ರ ಮೊದಲ ದಿನದಿಂದ್ಲೂ ಕಂಪ್ಯೂಟರಿನ ದೊಡ್ಡ ವೈರಿ ಬಿಸಿ. ಇದನ್ನ ಮನಸಿನಾಗ ಇಟ್ಕೋರಿ.

ಎರಡನೇ ಕಥಿ 1947 ರದು. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಅನ್ನೋ ಯಂತ್ರ. ಸೆಪ್ಟೆಂಬರ್ 9 ರಂದು ಅದು ತಪ್ಪು ತಪ್ಪು ಮಾಡ್ತಿತ್ತು. ಬಿಚ್ಚಿ ನೋಡಿದ್ರ ಒಳಗಿನ ಒಂದು ರಿಲೇದಾಗ ಪತಂಗ ಸಿಕ್ಕೊಂಡಿತ್ತು. ಅದನ್ನ ಹೊರಗ ತಗದು, ಕೆಲಸದ ದಿನಚರಿ ಬುಕ್ಕಿನ ಹಾಳಿಗೆ ಟೇಪ್ ಹಚ್ಚಿ ಅಂಟಿಸಿ, ಹುಳ ಸಿಕ್ತು ಅಂತ ಚ್ಯಾಷ್ಟಿ ಮಾಡಿ ಬರದ್ರು. ಆ ಹಾಳಿ ಪತಂಗದ ಸಮೇತ ಇವತ್ತಿಗೂ ಅಮೆರಿಕಾದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಾಗದ. ಯಂತ್ರದ ದೋಷಕ್ಕ ಬಗ್, ಅಂದ್ರ ಹುಳ, ಅನ್ನೋ ಮಾತು ಅದಕ್ಕಿಂತ ಮೊದ್ಲೇ ಇತ್ತು. ಆದ್ರ ಖರೇ ಹುಳ ಸಿಕ್ಕ ಈ ಕಥಿನ ಊರೂರಿಗೆ ಹೇಳಿ ಹಬ್ಬಿಸಿದಾಕಿ ಗ್ರೇಸ್ ಹಾಪರ್, ಆ ತಂಡದಾಗ ಕೆಲಸ ಮಾಡ್ತಿದ್ದ ಗಣಿತದ ಪಂಡಿತಿ.

ನನಗ ಹಿಡಿಸಿದ್ದು ಪತಂಗ ಅಲ್ಲ, ಆ ದಿನಚರಿ ಬುಕ್ಕು. ಯಂತ್ರ ಯಾವ ಹೊತ್ತಿಗೆ ತಪ್ಪಿತು, ಅವಾಗ ಏನು ಮಾಡ್ತಿತ್ತು, ಎಲ್ಲಾ ಅದರಾಗ ಬರೀತಿದ್ರು. ಯಾರನ್ನೂ ಬೈಲಿಲ್ಲ, ಬರದಿಟ್ರು, ಹುಡುಕಿದ್ರು. ನಾನೂ ಮರುದಿನ ಮಗಳದೊಂದು ಹಳೀ ನೋಟ್‌ಬುಕ್ಕು ತಗದು ಐದು ಗೀಟು ಹಾಕಿದೆ. ತಾರೀಖು, ಹೊತ್ತು, ಏನು ಮಾಡ್ತಿದ್ವಿ, ಹೆಂಗ ಆರಿತು, ಮನಿ ಕರೆಂಟ್ ಹೆಂಗಿತ್ತು.

ಮೂರನೇ ಕಥಿ ಒಬ್ಬ ತಾಯಿ ಮಗಳದು. ಮಾರ್ಗರೆಟ್ ಹ್ಯಾಮಿಲ್ಟನ್ ಅಂತ, ಚಂದ್ರನ ಮ್ಯಾಲ ಮನುಷ್ಯರನ್ನ ಕಳಿಸೋ ಅಪೋಲೋ ಯೋಜನ್ಯಾಗ ಕಂಪ್ಯೂಟರಿನ ಪ್ರೋಗ್ರಾಂ ಬರೆಯೋರ ಮುಂದಾಳು. ಮಗಳು ಲಾರೆನ್ ಇನ್ನ ಸಣ್ಣಾಕಿ. ರಜಾ ದಿನ, ರಾತ್ರಿ ಹೊತ್ತು, ಮಗಳನ್ನ ಕರಕೊಂಡೇ ಕೆಲಸಕ್ಕ ಹೋಗ್ತಿದ್ರಂತ. ಒಂದಿನ ಹುಡುಗಿ ಆಟ ಆಡ್ತಾ ಅಲ್ಲಿನ ಗುಂಡಿ ಒತ್ತಿದಳು, ಇಡೀ ವ್ಯವಸ್ಥೆ ಕುಸದು ಬಿತ್ತು. ಆಕಿ ಒತ್ತಿದ್ದು, ಹೊರಡೋಕಿಂತ ಮೊದಲು ನಡಸಬೇಕಾದ ಪ್ರೋಗ್ರಾಂ. ಅದನ್ನ ಹಾರಾಟದ ನಡುವ ಒತ್ತಿಬಿಟ್ಟಿದ್ದಳು.

ತಾಯಿ ಮಗಳಿಗೆ ಬೈಲಿಲ್ಲ. "ಇವಳು ಒತ್ತಿದಂಗ ನಾಳಿ ಆಕಾಶದಾಗ ಇದ್ದವರೂ ಒತ್ತಬಹುದಲ್ಲ" ಅಂತ ವಿಚಾರ ಮಾಡಿದ್ರು. ಅದಕ್ಕೊಂದು ಕಾವಲು ಹಾಕ್ತೀನಿ ಅಂದ್ರ, ನಾಸಾದವರು "ನಮ್ಮ ಗಗನಯಾತ್ರಿಗಳು ಪಳಗಿದವರು, ಅಂಥ ತಪ್ಪು ಮಾಡಂಗಿಲ್ಲ" ಅಂತ ಬ್ಯಾಡ ಅಂದ್ರು. 1968 ರ ಡಿಸೆಂಬರ್‌ನ್ಯಾಗ ಅಪೋಲೋ 8 ಚಂದ್ರನ ಕಡಿ ಹೋಗಿ ಬರುವಾಗ ಜಿಮ್ ಲೊವೆಲ್ ಅನ್ನೋ ನುರಿತ ಗಗನಯಾತ್ರಿ ಅದೇ ತಪ್ಪು ಮಾಡಿದ್ರು. ಭೂಮಿಯಿಂದ ಲೆಕ್ಕ ಮತ್ತ ಕಳಿಸಿ ಸರಿ ಮಾಡಬೇಕಾತು. ಮುಂದಿನ ವರ್ಷ, 1969 ರ ಜುಲೈ 20 ಕ್ಕ, ಅಪೋಲೋ 11 ಚಂದ್ರನ ಮ್ಯಾಲ ಇಳಿಯೋ ಹೊತ್ತಿಗೆ ಕಂಪ್ಯೂಟರಿಗೆ ಕೆಲಸದ ಹೊರೆ ಹೆಚ್ಚಾಗಿ ಎಚ್ಚರಿಕಿ ಗಂಟಿ ಬಾರಿಸ್ತು. ಆದ್ರ ಅದು ಪೂರ್ತಿ ಬೀಳ್ಲಿಲ್ಲ. ಬ್ಯಾಡಾದ ಕೆಲಸ ಬದಿಗೆ ಸರಿಸಿ, ಇಳಿಸೋ ಕೆಲಸ ಮಾತ್ರ ಹಿಡಕೊಂಡು, ತನ್ನನ್ನ ತಾನ ಮತ್ತ ಮತ್ತ ಚಾಲೂ ಮಾಡ್ಕೊಂತ ನಡೀತು. ಹಂಗ ನಡೀಬೇಕು ಅಂತ್ಲೇ ಅದನ್ನ ಮೊದ್ಲೇ ಬರದಿದ್ರು.

ಇದನ್ನ ಓದಿ ನಾ ಹಿತ್ತಲಿಗೆ ಹೋದೆ. ಮಗಳ ಬಾಜೂಕ ಕುಂತು, "ಯವ್ವಾ, ನಿನಗ ಬೈಯಂಗಿಲ್ಲ, ಅದು ಆರಿದಾಗ ಏನು ಮಾಡ್ತಿದ್ದಿ ಅಷ್ಟು ಹೇಳು" ಅಂದೆ. ಆಕಿ ಹೇಳಿದಳು. "ಕಾರ್ ಆಟ ಆಡ್ತಿದ್ದೆ ಅವ್ವಾ. ಆರೋಕಿಂತ ಮೊದಲು ಒಳಗಿನ ಫ್ಯಾನ್ ಭಾಳ ಜೋರು ಕೂಗ್ತಿತ್ತು, ಡಬ್ಬಿ ಮುಟ್ಟಿದ್ರ ಸುಡ್ತಿತ್ತು." ಎರಡು ದಿನ ಬೈಸಿಕೊಂಡ ಹುಡುಗಿ ಹತ್ತಿರಾನೇ ಎಲ್ಲಾರಿಗಿಂತ ಚಲೋ ಸುಳುವು ಇತ್ತು. ಯಾರೂ ಕೇಳಿದ್ದಿಲ್ಲ, ಅಷ್ಟೇ.

ನೋಟ್‌ಬುಕ್ಕಿನ್ಯಾಗ ಬರದ್ವಿ. ಆದ್ರ ಬರೆಯೋದಕ್ಕ ಏನು ನೋಡ್ಬೇಕು ಅನ್ನೋದೂ ಗೊತ್ತಿರ್ಬೇಕಲ್ಲ. ಕಂಪ್ಯೂಟರ್ ಬೀಳೋದ್ರಾಗೂ ತರಾವರಿ ಅವ.

ಒಂದು, ನೀಲಿ ಪರದಿ ಬಂದು ಬಿಳಿ ಅಕ್ಷರದಾಗ ಏನೋ ಬರದು ನಿಲ್ಲೋದು. ಇದು ವಿಂಡೋಸ್ ತಾನ "ನನಗ ಹಿಂಗಾಗ್ಯಾದ" ಅಂತ ಹೇಳಿ ನಿಲ್ಲೋದು. ದೊಡ್ಡ ದೊಡ್ಡವರಿಗೂ ಇದು ಬಿಟ್ಟಿಲ್ಲ. 1998 ರ ಏಪ್ರಿಲ್ 20 ಕ್ಕ ಶಿಕಾಗೋದಾಗ ಬಿಲ್ ಗೇಟ್ಸ್ ಸಾವಿರಾರು ಮಂದಿ ಮುಂದ ವಿಂಡೋಸ್ 98 ತೋರಿಸ್ತಿದ್ದಾಗ, ಸ್ಕ್ಯಾನರ್ ಒಂದನ್ನ ಹಚ್ಚಿದ ಕೂಡ್ಲೇ ನೀಲಿ ಪರದಿ ಬಂತು, ಮಂದಿ ಬಿದ್ದು ಬಿದ್ದು ನಕ್ರು. ನೀಲಿ ಪರದಿ ಬಂದ್ರ ಅದರಾಗಿನ ಕೋಡ್ ಬರಕೋಬೇಕು, ಇಲ್ಲಾ ಮೊಬೈಲ್‌ನ್ಯಾಗ ಫೋಟೋ ಹೊಡೀಬೇಕು. ಹೊಸಾದು ಏನಾರ ಹಚ್ಚಿದ್ವಾ, ಅಪ್‌ಡೇಟ್ ಆತಾ, ರ್‍ಯಾಮ್ ಸಡಿಲ ಆಗ್ಯಾದಾ, ಅವನ್ನ ನೋಡ್ಬೇಕು.

ಎರಡು, ಪರದಿ ಹಂಗೇ ನಿಲ್ಲೋದು, ಬಾಣ ಅಲುಗಾಡದಂಗ ಆಗೋದು, ಡಬ್ಬ್ಯಾಗಿಂದ ಕಟಕಟ ಅನ್ನೋದು. ಹಾರ್ಡ್ ಡಿಸ್ಕ್ ಮ್ಯಾಲ ಅನುಮಾನ ಪಡ್ಬೇಕು. ಇದ್ದದ್ದನ್ನ ಅವತ್ತೇ ಬ್ಯಾರೆ ಕಡಿ ನಕಲು ಮಾಡ್ಬೇಕು.

ಮೂರು, ಮಾತಿಲ್ಲ ಕಥಿ ಇಲ್ಲ, ಫಟ್ ಅಂತ ದೀಪ ಆರಿದಂಗ ಆರೋದು. ಇದಕ್ಕ ಹೆಚ್ಚಾಗಿ ಎರಡೇ ಕಾರಣ. ಕರೆಂಟು, ಇಲ್ಲಾ ಬಿಸಿ. ನಮ್ಮದು ಈ ಮೂರನೇ ಜಾತಿ.

ವಿಂಡೋಸ್‌ನ್ಯಾಗೇ ಒಂದು ದಿನಚರಿ ಬುಕ್ಕದ, ಇವೆಂಟ್ ವ್ಯೂವರ್ ಅಂತ. ಸ್ಟಾರ್ಟ್ ಒತ್ತಿ ಆ ಹೆಸರು ಕುಟ್ಟಿದ್ರ ಬರ್ತದ. ಅದರೊಳಗ ಕರ್ನಲ್ ಪವರ್ 41 ಅಂತ ಕೆಂಪು ಗುರುತು ಕಂಡ್ರ, "ಹೇಳದೇ ಕೇಳದೇ ಆರಿದ್ದೆ" ಅಂತ ಮಶೀನು ತಾನ ಬರದಿಟ್ಟದ ಅಂತ ತಿಳೀಬೇಕು. ಯಾಕ ಆರಿತು ಅಂತ ಅದು ಹೇಳಂಗಿಲ್ಲ, ಆರಿದ ಮ್ಯಾಲ ಮತ್ತ ಚಾಲೂ ಆದ ಹೊತ್ತು ಬರದಿರ್ತದ. ನನಗ ಅಷ್ಟೇ ಬೇಕಾಗಿತ್ತು.

ಮೊದಲು ಕರೆಂಟಿನ ಅನುಮಾನ. ನಮ್ಮ ಜಿಲ್ಲೆ ಕರೆಂಟಿನ ತವರುಮನಿ. ಕೃಷ್ಣಾ ದಂಡಿ ಮ್ಯಾಲ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985 ರಾಗ ಚಾಲೂ ಆತು, ಮುಂದ ಎಂಟು ಘಟಕ ಸೇರಿ 1,720 ಮೆಗಾವ್ಯಾಟ್‌ಗೆ ಬೆಳೀತು. 2013 ರ ಡಿಸೆಂಬರ್ 31 ಕ್ಕ ರಾಯಚೂರಿನಿಂದ ಸೊಲ್ಲಾಪುರಕ್ಕ ಎಳದ 765 ಕೆ.ವಿ. ತಂತಿಯಿಂದ್ಲೇ ದಕ್ಷಿಣ ಭಾರತದ ಗ್ರಿಡ್ಡು ಉಳದ ದೇಶದ ಗ್ರಿಡ್ಡಿಗೆ ಕೂಡ್ತು. ಹಂಗಿದ್ರೂ ತವರುಮನಿ ಸಿರಿವಂತರದು ಅಂದ ಮಾತ್ರಕ್ಕ ಮಗಳ ಮನಿ ಒಲಿ ತಾನ ಉರೀತದೇನು? ತಂತಿ ಕಡೀ ತುದಿ ಮನಿಗಳಿಗೆ, ಎಲ್ಲಾರೂ ಮೋಟ್ರು, ಕೂಲರು ಹಚ್ಚೋ ಹೊತ್ತಿಗೆ ವೋಲ್ಟೇಜ್ ಇಳಿಯೋದು ಲೋಕದಾಗ ಎಲ್ಲಾ ಕಡಿ ಇದ್ದದ್ದೇ. 230 ಇರಬೇಕಾದದ್ದು ಭಾಳ ಇಳದ್ರ ಕಂಪ್ಯೂಟರ್ ತಡಿಯಂಗಿಲ್ಲ. ಅದಕ್ಕೇ ನಡುವ ಯುಪಿಎಸ್ ಇಡೋದು. ಆದ್ರ ಯುಪಿಎಸ್‌ನ ಬ್ಯಾಟರಿಗೂ ಆಯುಷ್ಯ ಎರಡು ಮೂರು ವರ್ಷ. ಸತ್ತ ಬ್ಯಾಟರಿ ಇದ್ರ ಯುಪಿಎಸ್ ಇದ್ದೂ ಇಲ್ಲದಂಗ.

ಪರೀಕ್ಷಿ ಮಾಡೋದು ಸಸಾರ. ಕಂಪ್ಯೂಟರ್ ಆರಿದಾಗ ಮ್ಯಾಲಿನ ಫ್ಯಾನ್ ನಿಧಾನ ಆತಾ? ಯುಪಿಎಸ್ ಕುಂಯ್ ಕುಂಯ್ ಅಂತಾ? ಪರದಿ ದೀಪಾನೂ ಆರಿತಾ, ಡಬ್ಬಿ ಒಂದೇ ಆರಿತಾ? ನಾವು ಹನ್ನೆರಡು ದಿನ ಬರದ್ವಿ. ಹದಿನಾರು ಸಲ ಆರಿತ್ತು. ಒಂದು ಸಲಾನೂ ಫ್ಯಾನ್ ನಿಧಾನ ಆಗಿದ್ದಿಲ್ಲ, ಯುಪಿಎಸ್ ಕೂಗಿದ್ದಿಲ್ಲ, ಪರದಿ ದೀಪ ಆರಿದ್ದಿಲ್ಲ. ಹೊತ್ತು ನೋಡಿದ್ರ ಹದಿನಾಲ್ಕು ಸಲ ಮಧ್ಯಾಹ್ನ ಒಂದರಿಂದ ಐದರ ಒಳಗ. ಮುಂಜಾನಿ ಐದಕ್ಕ ಎದ್ದು ನಾ ಪದ ಕುಟ್ಟುವಾಗ ಒಂದು ಸಲಾನೂ ಆರಿಲ್ಲ. ಉಳದ ಎರಡು ಸಲ ಸಂಜಿ ಹೊತ್ತು, ಮಗಳು ಆಟ ಆಡುವಾಗ.

ಕರೆಂಟ್ ಅಲ್ಲ ಅಂದ್ರ ಬಿಸಿ. ಎನಿಯಾಕ್ ಕಾಲದ ಹಳೀ ವೈರಿ.

ಈ ಬಿಸಿ ಲೆಕ್ಕ ಹಿಂಗದ ನೋಡ್ರಿ. ಕಂಪ್ಯೂಟರಿನ ಮಿದುಳು ಅಂದ್ರ ಪ್ರೊಸೆಸರು ಕೆಲಸ ಮಾಡಿದಷ್ಟೂ ಕಾಯ್ತದ. ಅದರ ಮ್ಯಾಲ ಲೋಹದ ರೆಕ್ಕಿಗಳು, ರೆಕ್ಕಿ ಮ್ಯಾಲ ಸಣ್ಣ ಫ್ಯಾನು. ಫ್ಯಾನು ಮನಿ ಗಾಳಿ ಊದಿ ರೆಕ್ಕಿ ತಣ್ಣಗ ಮಾಡ್ತದ. ಮನಿ ಗಾಳಿನೇ ಬಿಸಿ ಇದ್ರ ಎಷ್ಟು ಊದಿದ್ರೂ ಅಷ್ಟೇ. ರೆಕ್ಕಿ ಸಂದ್ಯಾಗ ಧೂಳ ತುಂಬಿದ್ರಂತೂ ಗಾಳಿ ಹಾಯೋದೇ ಇಲ್ಲ. ಮೊದಲಿನ ಕೆಲವು ಪ್ರೊಸೆಸರು ಹಿಂಗಾದ್ರ ಸುಟ್ಟೇ ಹೋಗ್ತಿದ್ದವು. 2000 ದಾಗ ಬಂದ ಪೆಂಟಿಯಮ್ 4 ನಂಥವು ಬಿಸಿ ಏರಿದ್ರ ತಾವ ಕೆಲಸ ನಿಧಾನ ಮಾಡೋದು, ಇನ್ನೂ ಏರಿದ್ರ ಆರೋದು ಕಲ್ತವು. ಈಗಿನವೆಲ್ಲ ಹಂಗೇ. ಅಂದ್ರ ನಮ್ಮ ಕಂಪ್ಯೂಟರ್ ಆರಿದ್ದು ಕೆಟ್ಟಿದ್ದಕ್ಕಲ್ಲ, ಕೆಡಬಾರದು ಅಂತ. ಬಿಸಲಾಗ ಕಳೆ ತಗಿಯೋಕಿ ತಲಿ ತಿರುಗಿ ಗಿಡದ ನೆಳ್ಳಿಗೆ ಕುಂತಂಗ. ಕುಂತಾಕಿಗೆ ಬೈದ್ರ ಬಿಸಲು ಕಡಿಮಿ ಆಗ್ತದೇನು?

ಮಗಳ ಆಟ ಪ್ರೊಸೆಸರಿಗೆ ಹೊರೆ ಹೆಚ್ಚು ಮಾಡಿದ್ದು ಖರೇ. ಆದ್ರ ಅದು ಕಾರಣ ಅಲ್ಲ, ಕಾರಣ ತೋರಿಸಿದ ನೆಪ. ಲಾರೆನ್ ಒತ್ತಿದ ಗುಂಡಿ ಇದ್ದಂಗ.

ಐತವಾರ ಮುಂಜಾನಿ ಅಣ್ಣನ ಮಗ ಬಂದ. ಎಲ್ಲಾಕ್ಕಿಂತ ಮೊದಲು ಪದಗಳನ್ನ ಪೆನ್‌ಡ್ರೈವ್‌ಗೆ ನಕಲು ಮಾಡಿಸಿದೆ. ಆಮ್ಯಾಲ ಪ್ಲಗ್ ಪೂರ್ತಿ ಕಿತ್ತು, ಚಾಲೂ ಗುಂಡಿ ಒಂದು ಹತ್ತು ಸೆಕೆಂಡ್ ಒತ್ತಿ ಹಿಡದು, ಡಬ್ಬಿ ಅಂಗಳಕ್ಕ ಒಯ್ದು ಬದಿ ತಗಡು ಬಿಚ್ಚಿದ್ವಿ. ಒಳಗ ನೋಡಿ ಮೈದುನಾನೂ ಸುಮ್ಮಾದ. ಫ್ಯಾನಿನ ಕೆಳಗ, ಲೋಹದ ರೆಕ್ಕಿಗಳ ಮ್ಯಾಲ, ಹತ್ತಿ ಎಳಿ ಧೂಳಿನ ಕೂಡ ಸೇರಿ ಕಂಬಳಿಯಂಗ ಕುಂತಿತ್ತು. ಕೋಲ್ಯಾಗಿನ ಹತ್ತಿ ಮ್ಯಾಲ ಮಕ್ಕಳು ಜಿಗದಾಗೆಲ್ಲ ಎದ್ದ ಎಳಿ, ನೆಲದ ಮ್ಯಾಲಿನ ಡಬ್ಬಿ ಒಳಗಿನ ಫ್ಯಾನು ದಿನಾ ಜಗ್ಗಿಕೊಂಡಿತ್ತು. ರೇಟ್ ಏರ್ತದ ಅಂತ ಇಟ್ಟ ಹತ್ತಿ!

ಫ್ಯಾನಿನ ರೆಕ್ಕಿ ತಿರುಗದಂಗ ಬೆರಳಿನಿಂದ ಹಿಡದು, ಮೆತ್ತನ ಬಣ್ಣದ ಬ್ರಶ್‌ನಿಂದ ಎಳಿ ಬಿಡಿಸಿ ತಗದ್ವಿ. ಒಣಗಿದ ಪೇಸ್ಟ್ ಒರಸಿ ಹೊಸಾ ಪೇಸ್ಟ್ ಹಚ್ಚಿದ. ಕರೆಂಟ್ ಪೆಟ್ಟಿಗಿ, ಅಂದ್ರ ಎಸ್‌ಎಂಪಿಎಸ್, ಅದನ್ನ ಮಾತ್ರ ಬಿಚ್ಚಲಿಲ್ಲ. ಪ್ಲಗ್ ಕಿತ್ತ ಮ್ಯಾಲೂ ಅದರಾಗ ಕರೆಂಟ್ ಉಳದಿರ್ತದ, ಅದನ್ನ ನೀವೂ ಬಿಚ್ಚಬ್ಯಾಡ್ರಿ. ಡಬ್ಬಿ ನೆಲದಿಂದ ಎತ್ತಿ ಸ್ಟೂಲ್ ಮ್ಯಾಲ ಇಟ್ವಿ, ಗ್ವಾಡಿಯಿಂದ ಗೇಣು ದೂರ. ಹತ್ತಿ ಕೋಲಿ ಬಾಗಲಕ್ಕ ಹಳೀ ಸೀರಿ ಪರದಿ ಕಟ್ಟಿದ್ವಿ. ಅವತ್ತು ಮಧ್ಯಾಹ್ನ ಮೂರಕ್ಕ ಮಗಳಿಗೆ ನಾನೇ ಹೇಳಿದೆ, ಕಾರ್ ಆಟ ಹಾಕು ಅಂತ. ಎರಡು ತಾಸು ಆಡಿದಳು. ಆರಲಿಲ್ಲ. ಆ ಬೇಸಿಗಿ ಮುಗಿಯೋತನ ಆರಲಿಲ್ಲ. ಖರ್ಚು ಆಗಿದ್ದು ಪೇಸ್ಟಿನ ರೊಕ್ಕ ಅಷ್ಟೇ.

ಇನ್ನ ಪದಗಳ ಕಥಿ. ಅಣ್ಣನ ಮಗ ಪೆನ್‌ಡ್ರೈವ್ ತನ್ನ ಲ್ಯಾಪ್‌ಟಾಪಿಗೆ ಹಚ್ಚಿ ತಗದ್ರ, ಕನ್ನಡಾನೇ ಇಲ್ಲ. ಬರೇ ಇಂಗ್ಲಿಷ್ ಅಕ್ಷರ, ಮ್ಯಾಲ ಚುಕ್ಕಿ, ಕೊಂಬು, ತಲಿಬುಡ ಇಲ್ಲದ್ದು. ನನಗ ಎದಿ ಒಡದಂಗಾತು, ಎಲ್ಲಾ ಕೆಟ್ಟೇಹೋತು ಅಂದ್ಕೊಂಡೆ. ಕೆಟ್ಟಿದ್ದಿಲ್ಲ. ಹಳೀ ನುಡ್ಯಾಗ ಕುಟ್ಟಿದ ಬರಹ ಒಳಗ ಇಂಗ್ಲಿಷ್ ಅಕ್ಷರದ ಅಂಕಿಗಳ ಮ್ಯಾಲೇ ಕುಂತಿರ್ತದ, ಅದಕ್ಕ ಕನ್ನಡದ ವೇಷ ತೊಡಿಸೋದು ನುಡಿ ಫಾಂಟು. ಆ ಫಾಂಟು ಅವನ ಲ್ಯಾಪ್‌ಟಾಪಿನಾಗ ಇದ್ದಿಲ್ಲ. ಹಾಕಿದ ಕೂಡ್ಲೇ ಅತ್ತಿಯವ್ರ ಹಾಡು ಕಣ್ಣಿಗೆ ಬಂತು. ನಿಮ್ಮ ಹಳೀ ಕಡತ ಯಾವುದಾರ ಹಿಂಗ ಕಂಡ್ರ ಅಳಿಸಬ್ಯಾಡ್ರಿ. ಫಾಂಟು ಹಾಕಿ ನೋಡ್ರಿ, ಆಮ್ಯಾಲ ಯುನಿಕೋಡ್‌ಗೆ ಬದಲಿ ಮಾಡಿಸ್ರಿ. ಯುನಿಕೋಡ್ ಮಾಡಿದ್ರ ಯಾವ ಫೋನಿನಾಗೂ ಕನ್ನಡವಾಗೇ ಕಾಣ್ತದ.

ಆದ್ರ ಕಡೀ ಕಡತ ಬರಲಿಲ್ಲ. ನಾ ತಿದ್ದಿ ಉಳಸೋ ಹೊತ್ತಿಗೇ ಒಂದು ಸಲ ಆರಿತ್ತು, ಬರಿಯೋದು ಅರ್ಧಕ್ಕ ನಿಂತು ಕಡತ ಖಾಲಿ ಆಗಿತ್ತು. ಅದರಾಗ ಒಂಬತ್ತು ಪದ ಇದ್ದವು. ನಾದಿನಿಗೆ ಫೋನ್ ಹಚ್ಚಿ ಕೇಳಿದೆ. ಆಕಿ ನೆನಪು ಮಾಡ್ಕೊಂತ, ನಡನಡುವ ಅಳ್ಕೊಂತ, ನಾಲ್ಕು ಹಾಡಿದಳು. ಐದು ಹೋದವು. ಇವತ್ತಿಗೂ ಬೀಸೋಕಲ್ಲಿನ ಮುಂದ ಹಾಯ್ದಾಗ, ಆ ಐದರಾಗ ಏನಿತ್ತು ಅಂತ ನೆನಸ್ತೀನಿ. ಮಗಳನ್ನ ಬೈಯೋದ್ರಾಗ ಕಳದ ಎರಡು ದಿನದಾಗ ಒಂದು ನಕಲು ಮಾಡ್ಕೊಂಡಿದ್ರ ಉಳೀತಿದ್ದವು.

ಇಷ್ಟು ನಮ್ಮ ಸಣ್ಣ ಮನಿ ಮಾತಾತು. ಮರುವರ್ಷ, 2024 ರ ಜುಲೈ 19 ಕ್ಕ, ಇಡೀ ಲೋಕದಾಗ ಒಮ್ಮೆಲೆ 85 ಲಕ್ಷ ಕಂಪ್ಯೂಟರ್ ನೀಲಿ ಪರದಿ ತೋರಿಸಿ ನಿಂತವು. ಕಂಪ್ಯೂಟರ್ ಕಾಯಕ್ಕ ಇಟ್ಟ ಒಂದು ರಕ್ಷಣಾ ತಂತ್ರಾಂಶದ ಅಪ್‌ಡೇಟಿನಾಗ ತಪ್ಪಿತ್ತು. ವಿಮಾನ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಾಗ ಬೋರ್ಡಿಂಗ್ ಪಾಸು ಕೈಲೆ ಬರದು ಕೊಟ್ರು. ಟಿವ್ಯಾಗ ಅದನ್ನ ತೋರಿಸಿದಾಗ ನಮ್ಮನಿಯವ್ರು ನನ್ನ ನೋಟ್‌ಬುಕ್ಕಿನ ಕಡಿ ನೋಡಿ ನಕ್ರು. ಮಶೀನು ಎಷ್ಟೇ ದೊಡ್ಡದಿರ್ಲಿ, ಕಡೀಕ ಕೈ ಹಿಡಿಯೋದು ಪೆನ್ನು ಪೇಪರು.

ಅದಕ್ಕ ನಮ್ಮ ಓಣಿ ತಂಗಿಗೆ ನಾ ಹೇಳಿದ್ದಿಷ್ಟು. ಮೊದಲು ಬೇಕಾದದ್ದು ನಕಲು ಮಾಡ್ಕೋ. ಆಮ್ಯಾಲ ಒಂದು ನೋಟ್‌ಬುಕ್ಕು ಇಡು, ಎಂಟು ದಿನ ಬರಿ. ಮುಟ್ಟಿದವರಿಗೆ ಬೈಬ್ಯಾಡ, ಕೇಳು. ಮಾವ ಸಿಟ್ಟಾದ್ರ ಎದುರು ಮಾತಾಡಬ್ಯಾಡ, ನೋಟ್‌ಬುಕ್ಕು ತೋರಿಸು. ಬರವಣಿಗಿಗೆ ಎದುರು ಮಾತಿಲ್ಲ.

ನಿನ್ನಿ ಆಕಿ ಬಂದಿದ್ಲು. ಐದು ದಿನದ್ದು ಬರದಾಳ. ಆಕಿದು ಆರೋದೆಲ್ಲ ಸಂಜಿ ಏಳರ ಸುಮಾರಿಗೆ, ಮ್ಯಾಲಿನ ಫ್ಯಾನ್ ನಿಧಾನ ಆದಾಗ್ಲೇ. ಯುಪಿಎಸ್ ಕೂಗೋದೇ ಇಲ್ಲಂತ. ಬ್ಯಾಟರಿ ತಗಸಿ ನೋಡು ಅಂದೀನಿ. ಈ ಸಲ ಚಾ ಕುಡದು ಹೋದಳು.

ನಮ್ಮ ನೋಟ್‌ಬುಕ್ಕು ಇನ್ನೂ ಅದ. ಆ ಐತವಾರದ ಹಾಳಿಗೆ ಮಗಳು ಒಳಗಿಂದ ತಗದ ಹತ್ತಿ ಎಳಿ ಒಂದು ಚಿವುಟು ಟೇಪ್ ಹಚ್ಚಿ ಅಂಟಿಸ್ಯಾಳ. ಅದರ ಕೆಳಗ ಹೆಸರು ಬರೀಲಾ ಅಂತ ಕೇಳಿದಳು. ಯಾರದು ಅಂದೆ. "ಕೆಡಿಸಿದವರದಲ್ಲವ್ವಾ, ಹುಡುಕಿದವರದು" ಅಂದಳು. ಬರಿ ಅಂದೆ. ಇಬ್ಬರದೂ ಬರದಾಳ.